ಬಣ್ಣದ ಮಗ್ಗಿ ಮತ್ತು ಶಿವಶರಣಪ್ಪನ ಕಣ್ಣು

ಮೊನ್ನೆ ಒಂದು ಭಾನುವಾರ, ಬೆಳಗಿನ ಚಹಾದ ಹೊತ್ತಿಗೆ, ನಮ್ಮ ಮನೆಯಲ್ಲಿ ಒಂದು ಹಸಿರು ಸೀರೆ ತೀರಿಕೊಂಡಿತು.

ವಯಸ್ಸೇನೂ ಆಗಿರಲಿಲ್ಲ. ಇಳಕಲ್ ಸೀರೆ, ರೇಷ್ಮೆ ಸೆರಗು, ಗಿಳಿಹಸಿರು ಮೈ. ಕೆಲವೇ ದಿನಗಳ ಹಿಂದೆ ಅಫಜಲಪುರದಲ್ಲಿ ನಡೆದ ಕುಬಸದಲ್ಲಿ ಅದು ಎಲ್ಲರೆದುರು ಮಿರಮಿರ ಮಿಂಚಿದ್ದನ್ನು ನಾನೇ ಕಂಡಿದ್ದೆ. (ಕುಬಸ ಎಂದರೆ ಸೀಮಂತ. ದಕ್ಷಿಣದ ಓದುಗರು ಹಾಗೆಂದುಕೊಂಡು ಮುಂದೆ ಸಾಗಬಹುದು. ಹೋಳಿಗೆ ಮಾತ್ರ ನಮ್ಮಲ್ಲಿ ಜಾಸ್ತಿ.) ಕುಬಸ ನನ್ನ ಹೆಂಡತಿಯ ತಮ್ಮ ಶಿವಶರಣಪ್ಪನ ಮಗಳು ಭಾಗ್ಯಶ್ರೀಯದು. ಸೀರೆ ತವರಿನದು.

"ರೀ, ಇಲ್ಲಿ ಬರ್ರಿ! ಭಾಗ್ಯಾಗ ಯಾರು ಕರಿ ಸೀರಿ ಉಡಿಸ್ಯಾರ?"

ಕೂಗಿದ್ದು ನಮ್ಮ ಮನೆಯವರು, ಮಹಾನಂದಾ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. (ಮನೆಯಲ್ಲಿ ಇನ್ನೂ ನಿವೃತ್ತರಾಗಿಲ್ಲ.) ಅವರ ಕೈಯಲ್ಲಿ ಫೋನು. ಫೋನಿನಲ್ಲಿ ಕುಬಸದ ಫೋಟೊಗಳು. ಬೀಗರ ಊರಾದ ಜೇವರ್ಗಿಯ ಸ್ಟುಡಿಯೊದಿಂದ ಆಗಷ್ಟೇ ಬಂದು ಕುಟುಂಬದ ಗ್ರೂಪಿನಲ್ಲಿ ಇಳಿದಿದ್ದವು.

ನೋಡಿದೆ. ಹೌದು, ಸೀರೆ ಕಪ್ಪಗಾಗಿತ್ತು. ಪೂರ್ತಿ ಕಪ್ಪಲ್ಲ, ಹಳೆಯ ಬಾವಿಯ ತಳದ ಪಾಚಿಯಂಥ ಕಪ್ಪು. ಬಳೆಗಳೂ ಅದೇ ಬಣ್ಣ. ಉಳಿದ ಎಲ್ಲರ ಮೈಬಣ್ಣ ಮಾತ್ರ ಕಿತ್ತಳೆ. ಐವತ್ತು ಜನ ಬೆಂಕಿ ಕಾಯಿಸಿಕೊಳ್ಳುತ್ತ ಕೂತ ಹಾಗಿತ್ತು. ಸಿನಿಮಾದಲ್ಲಿ ಇಂಥ ಬಣ್ಣ ಬಂದರೆ, ಇನ್ನೇನು ಯಾರೋ ಒಬ್ಬರು ಸಾಯುತ್ತಾರೆ ಎಂದು ನಮಗೆ ಗೊತ್ತಾಗುತ್ತದೆ.

ಗ್ರೂಪಿನಲ್ಲಿ ಸೊಲ್ಲಾಪುರದ ಚಿಕ್ಕಮ್ಮನ ಷರಾ ಆಗಲೇ ಬಿದ್ದಿತ್ತು. "ಸೀರಿ ಛಂದ ಅದ. ಆದ್ರ ಕುಬಸಕ್ಕ ಕರೀದ್ಯಾಕ?" ಕೆಳಗೆ ಕೈಮುಗಿದ ಚಿತ್ರ.

ನಿಮಗಿದು ನಗೆಯ ವಿಷಯ ಅನ್ನಿಸಬಹುದು. ಬಸುರಿಗೆ ತವರಿನವರು ಹಸಿರು ಉಡಿಸಿ, ಹಸಿರು ಬಳೆ ಇಡಿಸಿ ಉಡಿ ತುಂಬುವ ಕಾರ್ಯದಲ್ಲಿ ಕಪ್ಪು ಸೀರೆ ಉಡಿಸಿದರು ಎಂಬ ಸುದ್ದಿ ಬೀಗರ ಓಣಿ ತಲುಪಿದರೆ ಏನಾಗುತ್ತದೆಂದು ನಮ್ಮ ಕಡೆಯವರನ್ನು ಕೇಳಿ ನೋಡಿ. ಕುಬಸಕ್ಕೆ ಬಂದವರು ಹಸಿರು ಕಂಡಿದ್ದಾರೆ, ನಿಜ. ಆದರೆ ಬಂದವರು ಎಷ್ಟು ಜನ? ಫೋಟೊ ನೋಡುವವರು ಎಷ್ಟು ಜನ?

ನಾನು ಈ ಗಂಭೀರ ಪ್ರಶ್ನೆಯಲ್ಲಿ ಮುಳುಗಿದ್ದಾಗ ಮಹಾನಂದಾ ಬೆರಳಿನಿಂದ ಒಂದು ಫೋಟೊವನ್ನು ಹಿಗ್ಗಿಸುತ್ತಿದ್ದರು. ಹಿಗ್ಗಿಸಿದರು. ಇನ್ನೂ ಹಿಗ್ಗಿಸಿದರು. ಆಮೇಲೆ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಶಿವ್ಯಾನ ಕಣ್ಣು ನೋಡ್ರಿ."

"ಏನಾಗ್ಯದ?"

"ಬಿಳೀ ಗುಡ್ಡಿ ಹಳದಿ ಆಗ್ಯದ. ಕಾಮಣಿ ಏನ್ರಿ?"

ಕಾಮಣಿ ಎಂದರೆ ನಮ್ಮ ಕಡೆ ಕಾಮಾಲೆ. ಮಹಾನಂದಾಗೆ ಇರುವವನು ಒಬ್ಬನೇ ತಮ್ಮ. ಆ ಕ್ಷಣದಿಂದ ಸೀರೆ ಅನಾಥ ಶವವಾಯಿತು. ಅದನ್ನು ಕೇಳುವವರು ಯಾರೂ ಇರಲಿಲ್ಲ.

ನಾನು ಹಳೆಯ ಕಾಲದವನು. ಗಾಬರಿ ಬಂದರೆ ಮೊದಲು ತರ್ಕ ಮಾಡುತ್ತೇನೆ, ಗಾಬರಿಯನ್ನು ಆಮೇಲೆ ಪಡುತ್ತೇನೆ. ನನ್ನ ಫೋನಿನಲ್ಲೂ ಅದೇ ಫೋಟೊ ತೆರೆದೆ. ಅದರಲ್ಲಿ ಕಣ್ಣು ಇನ್ನೂ ಹಳದಿ. ಆಮೇಲೆ ನೆನಪಾಯಿತು. ನನ್ನ ಫೋನಿನಲ್ಲಿ ಕಣ್ಣಿಗೆ ಹಿತವಾಗಲೆಂದು ಪರದೆ ಹಳದಿಯಾಗುವ ವ್ಯವಸ್ಥೆ ಒಂದಿದೆ. ಅದನ್ನು ಆನ್ ಮಾಡುವುದನ್ನು ಯಾರೋ ಕಲಿಸಿದ್ದರು, ಆಫ್ ಮಾಡುವುದನ್ನು ಕಲಿಸಲಿಲ್ಲ. ಹೀಗಾಗಿ ನನ್ನ ಫೋನಿನಲ್ಲಿ ಇಡೀ ಜಗತ್ತಿಗೇ ಕಾಮಣಿ.

"ಶಾಮಿಯಾನಾ ಯಾವ ಬಣ್ಣದ್ದಿತ್ತು?" ಎಂದೆ, ವಕೀಲನ ಗತ್ತಿನಲ್ಲಿ.

"ಹಳದಿ."

"ಮತ್ತ? ಅದರ ಕೆಳಗ ಕುಂತವರೆಲ್ಲ ಹಳದಿನೇ ಕಾಣಬೇಕಲ್ಲ! ಅವತ್ತು ನಿನ್ನ ಕಣ್ಣೂ ಹಳದಿ ಇದ್ವು."

"ಅವ ಅವತ್ತು ಹೋಳಿಗಿ ಮುಟ್ಟಲಿಲ್ಲ" ಎಂದರು ಮಹಾನಂದಾ.

ಇದು ಪ್ರಬಲ ಸಾಕ್ಷಿ. ಶಿವಶರಣಪ್ಪ ಹೋಳಿಗೆಯನ್ನು ಮುಟ್ಟದ ದಿನ ಪಂಚಾಂಗದಲ್ಲಿ ಇರಲು ಸಾಧ್ಯವಿಲ್ಲ. ಫೋನ್ ಹಚ್ಚಿದೆವು.

"ಮಾವಾರ, ನಮಸ್ಕಾರ್ರಿ!" ಅವನ ದನಿ ಎಂದಿನಂತೆ ದೊಡ್ಡದು. ಅಫಜಲಪುರದಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟವನು. ಮೋಟಾರು ಓಡುತ್ತಿರುವಾಗಲೇ ಗಿರಾಕಿಗೆ ಮಾತು ಕೇಳಿಸಬೇಕಲ್ಲ. "ಫೋಟೊ ನೋಡಿದ್ರೇನು? ಆ ಜೇವರ್ಗಿ ಫೋಟೊದವ ನನ್ನ ಮಾನ ತೆಗದ! ಹಸಿರು ಸೀರಿ ಕೊಟ್ರ ಕರೀದು ಮಾಡಿ ಕಳಿಸ್ಯಾನ. ಬೀಗರ ಕಡೆ ಮನಷ್ಯಾ, ಬೈಯ್ಯೋಹಂಗೂ ಇಲ್ಲ."

"ಶಿವ್ಯಾ, ನಿನ್ನ ಕಣ್ಣು ಯಾಕ ಹಳದಿ ಆಗ್ಯಾವ?" ಮಹಾನಂದಾ ನನ್ನ ಕೈಯಿಂದ ಫೋನು ಕಸಿದುಕೊಂಡಿದ್ದರು.

"ಅಕ್ಕಾ, ಎಲ್ಲಾರ್ದೂ ಆಗ್ಯಾವ! ನಮ್ಮ ಎಮ್ಮಿದೂ ಆಗ್ಯದ, ನೋಡು. ಹಿಂದ ಕಟ್ಟಿದ್ದು ಕಾಣತದ."

"ಹೋಳಿಗಿ ಯಾಕ ಬಿಟ್ಟಿ?"

"ಎಸಿಡಿಟಿ. ಓಡಾಟ ಆಗಿತ್ತಲ್ಲ. ನೀ ಸುಮ್ನ ಫಿಕರ್ ಮಾಡಬ್ಯಾಡ. ನಾ ನಾಳಿಗಿ ಜೇವರ್ಗಿಗೆ ಹೋಗಾಂವಿದ್ದೇನಿ. ಆ ಫೋಟೊದವನ್ನ ಹಿಡದು ಕೇಳ್ತೇನಿ. ನೀವೂ ಬರ್ರಿ."

ಹೋದೆವು. ಆಳಂದದಿಂದ ಕಲಬುರಗಿ, ಕಲಬುರಗಿಯಿಂದ ಜೇವರ್ಗಿ. ಒಬ್ಬನ ಕಣ್ಣಿನ ಬಣ್ಣ ಪರೀಕ್ಷಿಸಲು ಫೋಟೊ ಸ್ಟುಡಿಯೊಕ್ಕೆ ಹೋಗುವ ದಂಪತಿಗಳು ಚರಿತ್ರೆಯಲ್ಲಿ ನಾವೇ ಮೊದಲಿಗರಿರಬೇಕು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎನ್ನುತ್ತೀರಾ? ಒಳ್ಳೆಯ ಪ್ರಶ್ನೆ. ನಮಗೆ ಆಗ ಹೊಳೆಯಲಿಲ್ಲ. ಫೋಟೊದಲ್ಲಿ ಬಂದ ರೋಗ, ಫೋಟೊದಲ್ಲೇ ಹೋಗಲಿ ಅನ್ನಿಸಿತ್ತು.

ಸ್ಟುಡಿಯೊ ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಗೋಡೆ ಕೇಸರಿ. ಮೂಲೆಯಿಂದ ಮೂಲೆಗೆ ಕೆಂಪು, ನೀಲಿ ಬಣ್ಣ ಬದಲಿಸುವ ದೀಪದ ಪಟ್ಟಿ. ಶಿವಶರಣಪ್ಪ ನಮಗಿಂತ ಮೊದಲೇ ಬಂದು ಕೂತಿದ್ದ. ಮಹಾನಂದಾ ಅವನ ಮುಖ ಹಿಡಿದು ನೋಡಿದರು. ಒಮ್ಮೆ ಕೆಂಪಾದ, ಒಮ್ಮೆ ನೀಲಿಯಾದ. ನಡುವೆ ಒಂದು ಗಳಿಗೆ ಕೃಷ್ಣನೂ ಆದ. ಹಳದಿ ಮಾತ್ರ ಆಗಲಿಲ್ಲ.

ಫೋಟೊದವರ ಹೆಸರು ಖಾಜಾ ಹುಸೇನ್. ನಲವತ್ತರ ಆಸುಪಾಸಿನವರು. ತಮ್ಮ ಕೆಲಸದ ಬಗ್ಗೆ ಅವರಿಗೆ ಅಪಾರ ಅಭಿಮಾನ. ಯಾರೇ ದೂರು ತಂದರೂ ಅದನ್ನು ಹೊಗಳಿಕೆಯ ಹಾಗೆ ಸ್ವೀಕರಿಸುವ ಕಲೆ ಅವರಿಗೆ ಒಲಿದಿತ್ತು.

"ಕರೀ ಕಾಣತದೇನ್ರಿ? ಅದು ಸಿನಿಮಾ ಕಲರ್ರಿ ಸರ್! ನಿಮ್ಮ ಬೀಗರೇ ಹೇಳಿದ್ರು. ವಿಡಿಯೊದಾಗ ಒಂದು ಬಣ್ಣ, ಅಲ್ಬಮ್‌ದಾಗ ಒಂದು ಬಣ್ಣ ಇರಬಾರ್ದು, ಎರಡೂ ಒಂದೇ ಇರಬೇಕು ಅಂದ್ರು. ಅದಕ್ಕ ವಿಡಿಯೊದ ಲುಕಪ್ ಟೇಬಲ್ ತಗೊಂಡು ಫೋಟೊ ಸಾಫ್ಟ್‌ವೇರಿನ ಪ್ರೊಫೈಲ್‌ದಾಗ ಕೂಡ್ಸೇನಿ. ಒಂದು ಕ್ಲಿಕ್, ಎಲ್ಲಾ ಫೋಟೊ ಖಲಾಸ್!"

ಖಲಾಸ್ ಎಂಬ ಪದವನ್ನು ಅವರು ಮುಗಿಯಿತು ಎಂಬ ಅರ್ಥದಲ್ಲಿ ಬಳಸಿದರು. ನನಗೆ ಸೀರೆಯ ನೆನಪಾಯಿತು.

"ಟೇಬಲ್ ಅಂದ್ರ ಎಂಥಾ ಟೇಬಲ್ರಿ?" ಎಂದೆ.

ಖಾಜಾ ಹುಸೇನರು ವಿವರಿಸಿದ್ದನ್ನು ನನ್ನ ಯೋಗ್ಯತೆಗೆ ತಕ್ಕಂತೆ ಹೇಳುತ್ತೇನೆ. ಅದೊಂದು ದೊಡ್ಡ ಕೋಷ್ಟಕ. ಇಂಥ ಬಣ್ಣ ಒಳಗೆ ಬಂದರೆ ಇಂಥ ಬಣ್ಣವನ್ನು ಹೊರಗೆ ಕಳಿಸು ಎಂದು ಮೊದಲೇ ಬರೆದಿಟ್ಟಿರುತ್ತದೆ. ಗಿಳಿಹಸಿರು ಬಂದರೆ ಪಾಚಿಹಸಿರು ಕೊಡು. ಗೋಧಿಬಣ್ಣ ಬಂದರೆ ಕಿತ್ತಳೆ ಕೊಡು. ವಿಡಿಯೊ ಮಾಡುವವರು ಇದನ್ನು ಬಳಸುತ್ತಾರೆ. ಅದೇ ಕೋಷ್ಟಕವನ್ನು ಫೋಟೊ ತಿದ್ದುವ ಸಾಫ್ಟ್‌ವೇರಿಗೆ ತಂದು, ಪ್ರೊಫೈಲ್ ಎಂದು ಹೆಸರಿಟ್ಟು ಉಳಿಸಿಕೊಂಡರೆ ಮುಗಿಯಿತು. ಪ್ರತಿ ಫೋಟೊಕ್ಕೂ ಅದೇ ಅಂಗಿ ತೊಡಿಸಬಹುದು.

"ಅಂದ್ರ ಮಗ್ಗಿ" ಎಂದರು ಮಹಾನಂದಾ. ಅವರ ದನಿಯಲ್ಲಿ ಹಳೆಯ ತರಗತಿ ಮರಳಿತ್ತು. "ಬಣ್ಣದ ಮಗ್ಗಿ. ಏಳೆಂಟ್ಲೆ ಅಂದ್ರ ಐವತ್ತಾರು ಅಂತದ. ಏಳು ಏನು, ಎಂಟು ಏನು ಅಂತ ಕೇಳೋದಿಲ್ಲ."

"ಹಾಂ, ಬರೋಬರಿ ಮೇಡಂ!"

"ಹಂಗಿದ್ರ ಒಳಗ ಬಂದ ಹಳದಿ ಅರಿಷಿಣದ್ದೋ, ಕಣ್ಣಿಂದೋ, ಅದಕ್ಕ ತಿಳಿಯೋದಿಲ್ಲ?"

"ಬಿಲ್ಕುಲ್ ತಿಳಿಯೋದಿಲ್ರಿ. ಅದಕ್ಕ ನಂಬರ್ ಅಷ್ಟೇ."

ಮಹಾನಂದಾ ನನ್ನ ಕಡೆ ನೋಡಿದರು. ನಾನು ದೀಪದ ಪಟ್ಟಿಯ ಕಡೆ ನೋಡಿದೆ.

"ಮತ್ತ ವಿಡಿಯೊದಾಗ ಹಸಿರು ಹಸಿರೇ ಅದಲ್ರಿ?" ಇದು ಶಿವಶರಣಪ್ಪ. ಬೀಗರ ಮನೆಯಲ್ಲಿ ವಿಡಿಯೊ ನೋಡಿಕೊಂಡೇ ಬಂದಿದ್ದ. "ಮಗ್ಗಿ ಒಂದೇ ಇದ್ರ ಉತ್ತರ ಬ್ಯಾರೆ ಯಾಕ?"

ಖಾಜಾ ಹುಸೇನರು ಮೊದಲ ಸಲ ತಲೆ ಕೆರೆದುಕೊಂಡರು. "ಅದು ಹಿಂಗ್ರಿ. ವಿಡಿಯೊ ನಾವು ಸಪ್ಪಗ ತೆಗೀತೇವಿ. ಸಪ್ಪನ ಪಲ್ಯಾ ಇದ್ದಂಗ. ಆಮ್ಯಾಲ ಈ ಟೇಬಲ್ ಹಾಕಿದ್ರ ಖಾರ, ಉಪ್ಪು ಎಲ್ಲಾ ಕೂಡ್ತದ. ಫೋಟೊಕ್ಕ ಮೊದಲ ಖಾರ ಇರ್ತದ್ರಿ. ಅದರ ಮ್ಯಾಲ ಮತ್ತ ಅಷ್ಟೇ ಖಾರ ಬಿತ್ತು. ಕಮ್ಮಿ ಮಾಡಾಕ ಒಂದು ಗುಂಡಿ ಅದ. ಅದನ್ನ ಫುಲ್ ಇಟ್ಟಿದ್ದೆ."

"ಖಾರ ಫುಲ್ ಇಟ್ಟು ನನ್ನ ಕಣ್ಣಾಗ ಹಾಕಿದ್ರಲ್ರಿ, ಯಪ್ಪಾ!" ಎಂದು ಶಿವಶರಣಪ್ಪ ನಕ್ಕ. ಎಲ್ಲರೂ ನಕ್ಕೆವು. ಮಹಾನಂದಾ ನಗಲಿಲ್ಲ.

ಪ್ರೊಫೈಲ್ ತೆಗೆದುಹಾಕಿದರು. ಪರದೆಯ ಮೇಲೆ ಸೀರೆಗೆ ಜೀವ ಬಂತು! ಪಾಚಿ ಸರಿದು ಗಿಳಿಹಸಿರು ಹೊಮ್ಮಿತು. ಬಳೆ ಹಸಿರು, ಎಲೆ ಹಸಿರು. ಕಿತ್ತಳೆ ಜನ ಮತ್ತೆ ಮನುಷ್ಯರಾದರು. ಶಿವಶರಣಪ್ಪ ಎದ್ದು ನಿಂತು ಕೈಮುಗಿದ. ಯಾರಿಗೆಂದು ಗೊತ್ತಾಗಲಿಲ್ಲ, ಪ್ರಾಯಶಃ ಮಾನಿಟರಿಗೆ.

"ಈಗ ಇವನ ಕಣ್ಣು ತೋರಸ್ರಿ" ಎಂದರು ಮಹಾನಂದಾ.

ಕಣ್ಣು ಇನ್ನೂ ಹಳದಿಯಾಗಿತ್ತು. ಮೊದಲಿನಷ್ಟಲ್ಲ. ಆದರೂ ಹಳದಿ.

"ಅದು ಶಾಮಿಯಾನಾದ್ದು ಮೇಡಂ" ಎಂದರು ಖಾಜಾ ಹುಸೇನರು, ಒಂದಿಷ್ಟೂ ಅಳುಕದೆ. "ಹಳದಿ ಬಟ್ಟಿ ಕೆಳಗ ತೆಗದದ್ದಲ್ರಿ. ಒಂದೇ ಮಿನಿಟ್. ಬಿಳೇದು ಯಾವದಂತ ಕಂಪ್ಯೂಟರಿಗಿ ತೋರಿಸಿದ್ರ ಸಾಕು, ಉಳಿದ ಬಣ್ಣ ತಾನೇ ಸರಿ ಮಾಡ್ಕೋತದ. ದೊಡ್ಡ ಊರಾಗ ಇದಕ್ಕಂತ ಬಿಳೀ ಕಾರ್ಡ್ ಇಟ್ಕೊಂಡು ತಿರಗ್ತಾರ. ನಮಗೇನು ಬೇಕಾಗಿಲ್ರಿ. ನಮ್ಮ ಕಡೆ ಎಲ್ಲಾರ ಹಣಿಮ್ಯಾಲೂ ಅದ!"

ಎಂದವರೇ ಶಿವಶರಣಪ್ಪನ ಹಣೆಯ ವಿಭೂತಿಯ ಮೇಲೆ ಕ್ಲಿಕ್ ಒತ್ತಿದರು.

ನನಗೆ ರೋಮಾಂಚನವಾಯಿತು. ಭಸ್ಮಧಾರಣೆಯ ಫಲಗಳನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಪಾಪನಾಶ, ಭಯನಾಶ ಎಲ್ಲ ಗೊತ್ತಿತ್ತು. ವೈಟ್ ಬ್ಯಾಲೆನ್ಸ್ ಗೊತ್ತಿರಲಿಲ್ಲ. ನಿಕಾಹ್ ಫೋಟೊಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. "ಟೋಪಿ ಅದಲ್ರಿ ಸರ್" ಎಂದರು.

ಮತ್ತು ಕಣ್ಣು? ಬಿಳಿ! ಹಾಲು ಬಿಳಿ. ಶಿವಶರಣಪ್ಪ ತನ್ನದೇ ಕಣ್ಣನ್ನು ಪರದೆಯ ಮೇಲೆ ನೋಡುತ್ತ ನಿಂತುಬಿಟ್ಟ. "ನೋಡಕ್ಕಾ, ಕಾಮಣಿ ವಾಸಿ ಆತು! ಔಷಧನೂ ಇಲ್ಲ, ಪಥ್ಯನೂ ಇಲ್ಲ. ಖಾಜಾಸಾಬ್ರ, ಬೋರ್ಡ್ ಬದಲಿ ಮಾಡ್ರಿ. ದವಾಖಾನಿ ಅಂತ ಬರಸ್ರಿ."

ಚಹಾ ಬಂತು. ಅವನು ಅರ್ಧ ಕುಡಿದು ಬಿಟ್ಟ.

ಆ ಫೋಟೊವನ್ನು ಅಲ್ಲಿಂದಲೇ ಗ್ರೂಪಿಗೆ ಹಾಕಿದ. ಮೆಚ್ಚುಗೆ ಸುರಿಯಿತು. ಸೊಲ್ಲಾಪುರದ ಚಿಕ್ಕಮ್ಮ ಸೀರೆಯ ಬಗ್ಗೆ ತಮ್ಮ ಆಕ್ಷೇಪಣೆಯನ್ನು ಬೇಷರತ್ತಾಗಿ ಹಿಂತೆಗೆದುಕೊಂಡರು. ಅಪ್ಪನ ಕಣ್ಣಿನ ಬಗ್ಗೆ ಭಾಗ್ಯಶ್ರೀಗೂ ಅನುಮಾನವಿತ್ತಂತೆ. "ಅಪ್ಪಾ, ಡಾಕ್ಟರಿಗಿ ತೋರಸು" ಎಂದು ಬೆನ್ನು ಹತ್ತಿದ್ದಳಂತೆ. ಅವಳಿಗೂ ಅದೇ ಫೋಟೊ ಉತ್ತರವಾಯಿತು. ಫೋಟೊ ಈಗ ವೈದ್ಯಕೀಯ ಪ್ರಮಾಣಪತ್ರ. ಸಹಿ, ವಿಭೂತಿಯದು.

ಅವನನ್ನು ಆ ನೆಲಮಾಳಿಗೆಯಲ್ಲೇ ಬಿಟ್ಟು ನಾವು ಬಸ್ ಹತ್ತಿದೆವು. ಈಗ ಒಂದು ಮಾತು ಹೇಳಬೇಕು. ಇದು ನಮ್ಮೊಬ್ಬರ ಕಥೆ ಎಂದುಕೊಳ್ಳಬೇಡಿ. ನಿಮ್ಮ ಫೋನಿನಲ್ಲಿ ಯಾರ ಬಣ್ಣ ಅವರದಾಗಿ ಉಳಿದಿದೆ? ಗಾಣಗಾಪುರದ ಸಂಗಮಕ್ಕೆ ಹೋದವರು ಹಾಕುವ ಫೋಟೊ ನೋಡಿ. ಭೀಮೆ ಸಮುದ್ರನೀಲಿ. ನಾನು ಕಂಡ ಭೀಮೆ ಚಹಾದ ಬಣ್ಣದವಳು. ಹೊಲದ ತೊಗರಿ ಫೋಟೊದಲ್ಲಿ ಚಿನ್ನ. ಮದುವೆಗೆ ಗಂಡು ಹುಡುಕುವಾಗ ಕಳಿಸುವ ಫೋಟೊಗಳ ವಿಷಯ ಎತ್ತುವುದೇ ಬೇಡ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲರೂ ಸುಮ್ಮನೆ ಒಂದು ಮಗ್ಗಿ ಒತ್ತುತ್ತಿದ್ದೇವೆ. ಚಂದ ಕಂಡರೆ ಬಿಡುತ್ತೇವೆ, ಚಂದ ಕಾಣದಿದ್ದರೆ ಇನ್ನೊಂದು ಮಗ್ಗಿ ಒತ್ತುತ್ತೇವೆ. ಕೊನೆಗೆ ನಿಜವಾದ ಹಳದಿಯೇ ಎದುರು ಬಂದು ನಿಂತರೂ ಏನನ್ನುತ್ತೇವೆ? "ಸೆಟಿಂಗ್ ಇರಬೇಕು."

(ಉಪದೇಶ ಮುಗಿಯಿತು. ಬಸ್ ಭೀಮಾ ಸೇತುವೆಗೆ ಬಂದಿದೆ.)

ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಮಹಾನಂದಾ ಫೋನಿನಲ್ಲಿ ತಮ್ಮನ ಬಿಳಿ ಕಣ್ಣಿನ ಫೋಟೊವನ್ನೇ ನೋಡುತ್ತಿದ್ದರು.

"ಇವನ ಅಂಗಿ ನೋಡ್ರಿ."

"ಅಂಗಿಗೇನಾತು? ಬಿಳೇದು ಅದ."

"ಬಿಳೇದು ಅಲ್ಲ. ನೀಲಿ ಹೆಚ್ಚಾದಂಗ ಆಗ್ಯದ."

ನೀಲಿ ಎಂದರೆ ಒಗೆದ ಬಿಳಿ ಬಟ್ಟೆಗೆ ಅದ್ದುವ ನೀಲಿ. ಎರಡು ಹನಿ ಹಾಕಿದರೆ ಬಟ್ಟೆಯ ಹಳದಿ ಅಡಗಿ ಬಿಳಿ ಹೊಳೆಯುತ್ತದೆ. ನಾಲ್ಕು ಹಾಕಿದರೆ ಬಟ್ಟೆಯೇ ನೀಲಿ. ನಾನು ಕನ್ನಡಕ ಒರೆಸಿ ನೋಡಿದೆ. ಅಂಗಿ ನೀಲಿ ಹೊಡೆಯುತ್ತಿತ್ತು. ಹಿಂದಿನ ಸುಣ್ಣದ ಗೋಡೆಯೂ ನೀಲಿ. ಸ್ಟುಡಿಯೊದಲ್ಲಿ ನಾವೆಲ್ಲ ಕಣ್ಣನ್ನಷ್ಟೇ ನೋಡಿದ್ದೆವು. ಅಂಗಿಯನ್ನು ಯಾರು ನೋಡುತ್ತಾರೆ?

"ವಿಭೂತಿ ಬಿಳೇದು ಅಂತ ಹೇಳಿ ಕ್ಲಿಕ್ ಮಾಡಿದ್ರು, ಹೌದಿಲ್ರಿ?" ಮಹಾನಂದಾ ಬಹಳ ಮೆಲ್ಲಗೆ ಮಾತಾಡುತ್ತಿದ್ದರು. "ಅವನ ವಿಭೂತಿ ಬಿಳೇದು ಇರಲಿಲ್ರಿ. ಭಾಗ್ಯಾಗ ಅರಿಷಿಣ ಹಚ್ಚಿ ಬಂದಾಕಿ, ಅದೇ ಕೈಲೆ ಇವನ ಹಣಿ ಸವರೀನಿ. ಅಜ್ಜಾ ಆಗಾಕತ್ತಿ ಅಂತ ಚಾಷ್ಟಿ ಮಾಡೀನಿ. ಅವನ ವಿಭೂತಿಗಿ ಅರಿಷಿಣ ಹತ್ತಿತ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರಿಷಿಣ ಹತ್ತಿದ ಹಣೆಯನ್ನು ತೋರಿಸಿ, ಇದೇ ಬಿಳಿ ಎಂದು ಕಂಪ್ಯೂಟರಿಗೆ ಹೇಳಿದ್ದೆವು. ಅದು ಪಾಪ, ನಂಬಿತು. ಆ ಹಳದಿಯನ್ನು ಬಿಳಿ ಮಾಡಲು ಇಡೀ ಚಿತ್ರಕ್ಕೆ ನೀಲಿ ಸುರಿಯಿತು. ಅಂಗಿ ನೀಲಿಯಾಯಿತು, ಗೋಡೆ ನೀಲಿಯಾಯಿತು. ಕಣ್ಣು ಮಾತ್ರ ಸರಿಯಾಗಿ ಬಿಳಿಯಾಯಿತು.

ಬಿಳಿಯಾಗಬೇಕಾದರೆ ಅದು ಮೊದಲು ಹಣೆಯ ಅರಿಷಿಣದಷ್ಟೇ ಹಳದಿ ಇದ್ದಿರಬೇಕಲ್ಲವೇ?

ಬಸ್ಸಿನಿಂದಲೇ ಖಾಜಾ ಹುಸೇನರಿಗೆ ಫೋನ್ ಮಾಡಿದೆವು. "ಅರಿಷಿಣ ಹತ್ತಿತ್ತೇನ್ರಿ?" ಎಂದರು. "ಹಂಗಿದ್ರ ಆ ಕ್ಲಿಕ್ ತಪ್ಪಾತ್ರಿ ಮೇಡಂ. ನಾ ನೋಡಲಿಲ್ಲ. ನಿಂದರ್ರಿ. ಅದೇ ಫೋಟೊದಾಗ ಬಾಜೂಕ ನಿಮ್ಮ ಬೀಗರು ನಿಂತಾರ. ಅವರ ವಿಭೂತಿ ಸಾಫ್ ಅದ. ಅವರ ಹಣಿಮ್ಯಾಲ ಕ್ಲಿಕ್ ಮಾಡಿ ಕಳಸ್ತೇನಿ."

ಕಲಬುರಗಿ ಇನ್ನೂ ದೂರವಿತ್ತು. ಫೋನು ಮಹಾನಂದಾರ ತೊಡೆಯ ಮೇಲೆ. ಇಬ್ಬರೂ ಅದನ್ನು ನೋಡದಂತೆ ನೋಡುತ್ತಿದ್ದೆವು. ಎದುರಿನ ಸೀಟಿನವನೊಬ್ಬ ಶೇಂಗಾ ತಿನ್ನುತ್ತ ಸಿಪ್ಪೆಯನ್ನು ನನ್ನ ಚಪ್ಪಲಿಯ ಮೇಲೆ ಉದುರಿಸುತ್ತಿದ್ದ. ಬೇರೆ ದಿನವಾಗಿದ್ದರೆ ಅವನಿಗೊಂದು ಅಂಕಣ ಮೀಸಲಾಗುತ್ತಿತ್ತು.

ಫೋಟೊ ಬಂತು.

ಅಂಗಿ ಬಿಳಿ. ಗೋಡೆ ಬಿಳಿ. ಸೀರೆ ಗಿಳಿಹಸಿರು. ಬೀಗರ ಕಣ್ಣು ಬಿಳಿ. ಪಕ್ಕದಲ್ಲಿ ನಗುತ್ತ ನಿಂತ ಶಿವಶರಣಪ್ಪನ ಕಣ್ಣು ಬೇಯಿಸಿದ ತೊಗರಿಬೇಳೆ.

ಕೆಳಗೆ ಖಾಜಾ ಹುಸೇನರು ಏನನ್ನೂ ಬರೆದಿರಲಿಲ್ಲ. ಮಾತಿನ ಮನುಷ್ಯ ಏನನ್ನೂ ಬರೆಯದೆ ಇದ್ದದ್ದು ನನ್ನನ್ನು ಬಹಳ ಹೆದರಿಸಿತು.

ಮಹಾನಂದಾ ತಮ್ಮನಿಗೆ ಫೋನ್ ಹಚ್ಚಿದರು. ಅವನು ಕೇಳಿದ. ಆಮೇಲೆ ಸಿಟ್ಟಾದ.

"ಅಕ್ಕಾ, ನಿನಗ ಹುಚ್ಚು ಹಿಡದದೇನು? ನನ್ನ ಹಣಿ ಒತ್ತಿದ್ರ ಛಲೋ ಇರ್ತೇನಿ, ಬೀಗರ ಹಣಿ ಒತ್ತಿದ್ರ ಬ್ಯಾನಿ ಬರ್ತದ? ನಾಳಿಗಿ ಮಾವಾರ ಹಣಿ ಒತ್ತಿದ್ರ ಸತ್ತೇಹೋಗ್ತೇನಿ ಬಿಡು! ಎಲ್ಲಾ ಆ ಟೇಬಲ್‌ದ ಆಟ. ಅವನೇ ಹೇಳಿದ್ನಲ್ಲ, ಅದಕ್ಕ ನಂಬರ್ ಅಷ್ಟೇ ಅಂತ."

ಫೋನಿಟ್ಟ. ನೋಡಿ, ಯಾವ ಅಸ್ತ್ರವನ್ನು ನಾವೇ ಕೈಗೆ ಕೊಟ್ಟಿದ್ದೆವು! ಇನ್ನು ಅವನಿಗೆ ಯಾವ ಫೋಟೊ ತೋರಿಸಿದರೂ ಪ್ರಯೋಜನವಿರಲಿಲ್ಲ. ಫೋಟೊ ಸುಳ್ಳು ಹೇಳುತ್ತದೆಂದು ಅವನು ನಮ್ಮ ಎದುರೇ ಕಲಿತಿದ್ದ.

ಆ ಸಂಜೆ ಮನೆಯಲ್ಲಿ ನಾನು ಕನ್ನಡಿಯ ಮುಂದೆ ನಿಂತು ನನ್ನ ಕಣ್ಣು ನೋಡಿಕೊಂಡೆ. ಹಳದಿಯಾಗಿತ್ತು. ಬಲ್ಬು ಹಳದಿ ಎಂದು ಸಮಾಧಾನ ಮಾಡಿಕೊಂಡೆ. ಮಾಡಿಕೊಂಡ ಮೇಲೆ ಇನ್ನಷ್ಟು ಹೆದರಿದೆ. ಅವನೂ ಹೀಗೆಯೇ ಸಮಾಧಾನ ಮಾಡಿಕೊಂಡಿರಬೇಕಲ್ಲ!

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅಫಜಲಪುರ. ಮಹಾನಂದಾ ಯಾರಿಗೂ ನಮಸ್ಕಾರ ಹೇಳಲಿಲ್ಲ, ಕೂರಲಿಲ್ಲ, ನೀರು ಮುಟ್ಟಲಿಲ್ಲ. ಅಂಗಡಿಗೆ ಹೊರಟಿದ್ದ ತಮ್ಮನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದರು. ಐವತ್ತು ದಾಟಿದ ಗಂಡಸು, ಓಣಿಯ ಎದುರು, ಶಾಲೆಯ ಹುಡುಗನ ಹಾಗೆ.

"ಅಕ್ಕಾ, ಮಂದಿ ನೋಡಾಕತ್ತಾರ!"

"ನೋಡಲಿ. ಅದಕ್ಕೇ ತಂದೀನಿ. ಮ್ಯಾಲ ನೋಡು ಲೇ."

ಶಾಮಿಯಾನಾ ಆಗಲೇ ಬಿಚ್ಚಿಯಾಗಿತ್ತು. ಮೇಲೆ ಬರೀ ಆಕಾಶ. ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದರು. ನಾನು ಬಗ್ಗಿ ನೋಡಿದೆ. ಯಾವ ಮಗ್ಗಿಯೂ ಇರಲಿಲ್ಲ, ಯಾವ ಹಣೆಯೂ ಬೇಕಾಗಲಿಲ್ಲ.

ಮಹಾನಂದಾ ಕೈ ತೆಗೆದರು. ಕೊನೆಗೆ ಶಿವಶರಣಪ್ಪನೇ ಮಾತಾಡಿದ. ಮೋಟಾರಿನ ಅಂಗಡಿಯ ದನಿ ಎಲ್ಲಿಗೋ ಹೋಗಿತ್ತು.

"ನನಗ ಗೊತ್ತದ ಅಕ್ಕಾ. ಮೈಯೆಲ್ಲ ತುರಸ್ತದ. ಹಗಲು ಹೊತ್ತು ಕನ್ನಡಿ ಮುಂದ ನಿಂದ್ರೋದು ಬಿಟ್ಟೀನಿ. ಭಾಗ್ಯಾನ ಹೆರಿಗಿ ಹತ್ರ ಬಂದದ. ನಾ ದವಾಖಾನಿ ಸೇರಿದೆ ಅಂದ್ರ ಅಕಿ ಎದಿ ಒಡಕೋತಾಳ. ಕೂಸು ಹುಟ್ಟೋತನಕ ಹ್ಯಾಂಗರ ದೂಡೋಣ ಅಂತಿದ್ದೆ. ಆ ಫೋಟೊ ಬೆಳ್ಳಗ ಬಂದಾಗ ಖರೇನೇ ಅನಸ್ತು. ನಿನ್ನಿ ರಾತ್ರಿ ಆರಾಮಾಗಿ ನಿದ್ದಿ ಮಾಡೀನಿ, ನೋಡು."

ಒಳಗೆ ಕಿಟಕಿಯ ಹತ್ತಿರ ಭಾಗ್ಯಶ್ರೀ ನಿಂತಿದ್ದಳು. ಹೊಟ್ಟೆಯ ಮೇಲೆ ಕೈ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅತ್ಯಾ, ಗಾಡಿಗೆ ಹೇಳೀನಿ, ಬರಾಕತ್ತದ" ಎಂದಳು. ಎದೆ ಒಡೆದುಕೊಂಡಂತೆ ನನಗೇನೂ ಕಾಣಲಿಲ್ಲ. ಅಪ್ಪನ ಕಡೆ ತಿರುಗಿ, "ಅಂಗಿ ಬದಲಿ ಮಾಡ್ಕೋ, ನಡಿ" ಎಂದಳು. ಅವನು ಮರುಮಾತಿಲ್ಲದೆ ಒಳಗೆ ಹೋದ.

ಈ ಸಾಲುಗಳನ್ನು ಕಲಬುರಗಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಿತ್ತನಾಳದಲ್ಲಿ ಕಲ್ಲು ಅಡ್ಡ ಕೂತಿದೆಯಂತೆ. ಸೋಂಕು ಶುರುವಾಗಿದೆಯಂತೆ. ಕಲ್ಲನ್ನು ಇವತ್ತೇ ತೆಗೆಯಬೇಕು, ಇನ್ನು ಕಾಯುವ ಹಾಗಿಲ್ಲ ಎಂದರು. ಅವನನ್ನು ಒಳಗೆ ಕರೆದೊಯ್ದಿದ್ದಾರೆ. ಬಾಗಿಲು ಮುಚ್ಚಿದೆ. ಮಹಾನಂದಾ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದಾರೆ. ಆಗಾಗ, ಅವನ ಹಣೆಗೆ ಅರಿಷಿಣ ಸವರಿದ್ದ ಅಂಗೈಯನ್ನು ತೆರೆದು ನೋಡಿಕೊಳ್ಳುತ್ತಾರೆ.

ಒಳಗೆ ಹೋಗುವ ಮುನ್ನ ಡಾಕ್ಟರು ಅವನ ರೆಪ್ಪೆ ಎಳೆದು ಕಣ್ಣು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಓದಿದವರ ಹಾಗೆ ಕಾಣುತ್ತೀರಿ ಎಂಬ ನೋಟ.

"ಇಷ್ಟು ಹಳದಿ ಆಗೋತನಕ ಮನ್ಯಾಗ ಒಬ್ಬರೂ ನೋಡಲಿಲ್ಲೇನ್ರಿ?"

ನೋಡಿದ್ದೆವು ಡಾಕ್ಟರೇ. ನೋಡಿ, ಜೇವರ್ಗಿಯವರೆಗೆ ಹೋಗಿ, ತಿದ್ದಿಸಿಕೊಂಡೂ ಬಂದಿದ್ದೆವು.